ಡ್ರಿಲ್ ಮಿಸ್ಸಿನ ಬೆನ್ನು

ಡ್ರಿಲ್ ಮಿಸ್ ತೀರಿಕೊಂಡರು ಎಂದು ಅವರ ತಮ್ಮ ಫೋನು ಮಾಡಿದಾಗ ನಾನು ಕಂಪ್ಯೂಟರಿನ ಮುಂದೆ ಗೂನು ಬೆನ್ನು ಬಿಟ್ಟುಕೊಂಡು ಕೂತಿದ್ದೆ. ಸುದ್ದಿ ಕೇಳಿ ಮೊದಲು ಬೆನ್ನು ನೆಟ್ಟಗೆ ಮಾಡಿಕೊಂಡೆ. ಅಳು ಬಂದದ್ದು ಅದಾದ ಮೇಲೆ. ಶಿವಾಜಿನಗರ, ಹಲಸೂರು ಕಡೆಯ ಎಷ್ಟೋ ಮನೆಗಳಲ್ಲಿ ಅವತ್ತು ಹೀಗೇ ಆಗಿರಬೇಕು. ದೊಡ್ಡ ದೊಡ್ಡ ಗಂಡಸರು, ಹೆಂಗಸರು ಸುದ್ದಿ ಕೇಳಿ ಕುರ್ಚಿಯಲ್ಲೇ ನೆಟ್ಟಗಾಗಿರಬೇಕು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಬಹಳ ಜನಕ್ಕೆ ಗುರುತು ಹತ್ತಲಾರದು. ಶಿವಾಜಿನಗರದ ಹಳೆಯ ಶಾಲೆಯೊಂದರಲ್ಲಿ ಸೇವೆಯ ಉದ್ದಕ್ಕೂ ಮಕ್ಕಳನ್ನು ಓಡಿಸಿ, ಕುಣಿಸಿ, ಸಾಲಾಗಿ ನಿಲ್ಲಿಸಿದ ಅವರು ಮಕ್ಕಳಿಗೆ ಡ್ರಿಲ್ ಮಿಸ್. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸಲು ಬಂದಾಗಲೂ ಡ್ರಿಲ್ ಮಿಸ್. ನಿವೃತ್ತಿಯಾದ ಮೇಲೆ ಹಲಸೂರಿನ ನಮ್ಮ ಓಣಿಯ ಸೊಪ್ಪಿನವಳಿಗೂ ಇಸ್ತ್ರಿಯವನಿಗೂ ಅದೇ ಹೆಸರು.

ನೋಡಲು ಹೇಗಿದ್ದರು? ಆರಡಿಗೆ ಎರಡು ಬೆರಳು ಕಡಿಮೆ ಎತ್ತರ, ಅದಕ್ಕೆ ತಕ್ಕ ಅಗಲ. ಬಣ್ಣ ಕಪ್ಪು, ಎಣ್ಣೆ ಉಜ್ಜಿದ ಒರಳುಕಲ್ಲಿನ ಕಪ್ಪು. ತಾವು ಬಾಗಿಲಲ್ಲಿ ನಿಂತರೆ ಹಗಲಲ್ಲೂ ಲೈಟು ಹಾಕಬೇಕು ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ನಗುವಾಗ ಮೊದಲು ಭುಜ ಅಲ್ಲಾಡುತ್ತಿತ್ತು, ಸದ್ದು ಸ್ವಲ್ಪ ತಡವಾಗಿ ಬರುತ್ತಿತ್ತು.

ನನಗೂ ಅವರಿಗೂ ಪರಿಚಯವಾದದ್ದು ಜಗಳದಿಂದ. ಹಲಸೂರು ಕೆರೆಯ ಹಿಂದಿನ ಓಣಿಯಲ್ಲಿ, ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನನ್ನ ಸ್ಟುಡಿಯೋ ಇದೆ. ಅದಕ್ಕೂ ಮೊದಲು ನಾನು ಸೀರೆ, ಒಡವೆಗಳ ಜಾಹೀರಾತಿಗೆ ಫೋಟೋ ತೆಗೆಯುತ್ತಿದ್ದವಳು. ಉದ್ದ ಕತ್ತು, ಸಣ್ಣ ನಡು, ನೆರಳು ಬೀಳದ ಕೆನ್ನೆ, ಇಷ್ಟರಲ್ಲೇ ಹತ್ತಾರು ವರ್ಷ ಕಳೆದಿದ್ದವು. ಆ ಕೆಲಸ ಬೇಸರವಾಗಿ, ಕಲೆಯ ಫೋಟೋಗಳನ್ನೇ ತೆಗೆಯುತ್ತೇನೆ ಎಂದು ಹೊರಟು, ಬಾಡಿಗೆ ಹೊಂದಿಸಲು ಭಾನುವಾರದ ತರಗತಿ ಶುರು ಮಾಡಿದ್ದೆ. ಮನುಷ್ಯರ ದೇಹವನ್ನು ಬೆಳಕು ನೆರಳಿನಲ್ಲಿ ನೋಡುವುದನ್ನು ಕಲಿಸುವ ತರಗತಿ ಅದು. ಕಲಿಯಲು ಬರುತ್ತಿದ್ದವರೆಲ್ಲ ಹೆಂಗಸರೇ. ಮಾಡೆಲ್ ಆಗಿ ಕೂರಲು ಬರುತ್ತಿದ್ದವರು ಮಾತ್ರ ಒಂದೇ ಅಚ್ಚಿನವರು: ಸಣ್ಣಗೆ, ಬೆಳ್ಳಗೆ, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡವರು. ಜಾಹೀರಾತು ಬಿಟ್ಟು ಬಂದೆ ಎಂದುಕೊಂಡಿದ್ದೆ. ಅದು ನನಗಿಂತ ಮೊದಲೇ ಮೆಟ್ಟಿಲು ಹತ್ತಿ ಬಂದು ಕೂತಿತ್ತು.

ಒಂದು ಭಾನುವಾರ ವಿಮಾನಪುರದಿಂದ ಬಂದಿದ್ದ ಒಬ್ಬ ಕಾಲೇಜು ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಳು. ಕೂತಿದ್ದ ಹಾಗೆಯೇ ಪಕ್ಕಕ್ಕೆ ವಾಲಿದಳು. ನಾವು ಎದ್ದು ಹಿಡಿದುಕೊಳ್ಳುವಷ್ಟರಲ್ಲಿ ಬಾಗಿಲು ದೊಡ್ಡದಾಗಿ ತೆರೆಯಿತು. ನಮ್ಮ ಸ್ಕೂಟರುಗಳು ತಮ್ಮ ಗೇಟಿಗೆ ಅಡ್ಡ ನಿಂತಿವೆ ಎಂದು ಬೈಯಲು ಮೂರು ಮಹಡಿ ಹತ್ತಿ ಬಂದಿದ್ದ ಎದುರು ಮನೆಯ ಡ್ರಿಲ್ ಮಿಸ್ ಅಲ್ಲಿ ನಿಂತಿದ್ದರು. ಬೈಗುಳ ಬಾಯಲ್ಲೇ ಉಳಿಯಿತು. ಎರಡು ಹೆಜ್ಜೆಗೆ ಒಳಗೆ ಬಂದು ಹುಡುಗಿಯನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿ, ಅವಳ ಕಾಲು ಕುರ್ಚಿಯ ಮೇಲಿಟ್ಟು, ಒಬ್ಬಳನ್ನು ನಿಂಬೆಹಣ್ಣಿಗೆ ಓಡಿಸಿದರು. ಸಕ್ಕರೆ, ಉಪ್ಪು ಹಾಕಿದ ಪಾನಕ ಕುಡಿದ ಮೇಲೆ ಹುಡುಗಿ ಕಣ್ಣು ಬಿಟ್ಟಳು. ಹಿಂದಿನ ದಿನದಿಂದ ಏನೂ ತಿಂದಿಲ್ಲವೆಂದೂ, ಕತ್ತಿನ ಕೆಳಗಿನ ಮೂಳೆ ಎದ್ದು ಕಾಣಲಿ ಎಂದು ನೀರನ್ನೂ ಬಿಟ್ಟಿದ್ದಳೆಂದೂ ನಾಚಿಕೊಂಡು ಹೇಳಿದಳು.

ಮಿಸ್ ಅವಳಿಗೆ ಬೈಯಲಿಲ್ಲ. ನನ್ನ ಕಡೆ ತಿರುಗಿದರು.

"ಮೂಳೆ ಬೇಕು ಅಂದ್ರೆ ಶಿವಾಜಿನಗರದಲ್ಲಿ ಮಟನ್ ಅಂಗಡಿ ಇದೆಯಲ್ಲಮ್ಮ. ಈ ಮಗೂನ ಯಾಕೆ ಒಣಗಿಸ್ತೀಯ?"

ನಾನು ಒಣಗಿಸಿದ್ದಲ್ಲ, ಹೀಗೆ ಬಾ ಎಂದು ಯಾರೂ ಹೇಳಿರಲಿಲ್ಲ ಎಂದೆ. ಯಾರೂ ಹೇಳದೆ ಎಲ್ಲರಿಗೂ ಗೊತ್ತಿರುವುದೇ ದೊಡ್ಡ ಕಾಯಿಲೆ ಎಂದು ಅವರು ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತರು. ತರಗತಿ ಮುಗಿಯುವವರೆಗೂ ಕದಲಲಿಲ್ಲ. ಗೋಡೆಗೆ ಅಂಟಿಸಿದ್ದ ಫೋಟೋಗಳನ್ನೆಲ್ಲ ಎದ್ದು ಹೋಗಿ ನೋಡಿ ಬಂದರು. ಹೊರಡುವಾಗ, ನಾಳೆ ಹಾಲು ತರಲೇ ಎಂದು ಕೇಳುವಷ್ಟು ಸಲೀಸಾಗಿ ಕೇಳಿದರು:

"ಮುಂದಿನ ಭಾನುವಾರ ನಾನು ಕೂತ್ರೆ ಆಗುತ್ತಾ?"

ಯಾರೋ ನಕ್ಕರು. ಮಿಸ್ ನಗಲಿಲ್ಲ. 

ಅವರ ಷರತ್ತುಗಳು ಸ್ಪಷ್ಟವಾಗಿದ್ದವು. ಮುಖ ಬೇಡ, ಮುಖಕ್ಕೆ ಆಧಾರ್ ಕಾರ್ಡಿದೆ, ಅದರಲ್ಲಿ ಹಾಳಾಗಿರುವುದೇ ಸಾಕು. ಸೀರೆಯನ್ನು ಮುಂದೆ ಎದೆಗೆ ಸುತ್ತಿಕೊಂಡು ಕೂರುವುದು, ಬೆನ್ನು ಮಾತ್ರ ಕ್ಯಾಮೆರಾಕ್ಕೆ. ಬಾಗಿಲಿಗೆ ಚಿಲಕ. ನಡುವೆ ಕಾಫಿ. ಕೂತ ಮೇಲೆ ಯಾರೂ "ಆಂಟಿ" ಅನ್ನಕೂಡದು.

ಆ ಭಾನುವಾರ ನನಗೆ ಒಂದು ವಿಷಯ ತಿಳಿಯಿತು. ಅವರಷ್ಟು ಸುಮ್ಮನೆ ಕೂರಬಲ್ಲ ಇನ್ನೊಬ್ಬರನ್ನು ನಾನು ನೋಡಿರಲಿಲ್ಲ. ಮೊಣಕಾಲ ಮೇಲೆ ಮೊಣಕೈ ಊರಿ, ಸ್ವಲ್ಪ ಮುಂದೆ ಬಾಗಿ ಕೂತರೆಂದರೆ ಕೂತರು. ಕಿಟಕಿಯ ಬೆಳಕು ಆ ಬೆನ್ನಿನ ಮೇಲೆ ಬಿತ್ತು. ಎಷ್ಟೋ ವರ್ಷದ ಬಿಸಿಲು ಕತ್ತಿನ ಬಳಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿ, ರವಿಕೆಯ ಅಂಚಿನಲ್ಲಿ ಒಂದು ಗೆರೆ ಎಳೆದಿತ್ತು. ನಡುವಿನ ಎರಡೂ ಬದಿ ಮಡಿಕೆ ಮಡಿಕೆಯಾಗಿ ಇಳಿದಿತ್ತು. ಬಲಭುಜದ ಕೆಳಗೆ ಹಳೆಯ ಕುಡುಗೋಲಿನ ಗಾಯದ ಗುರುತು ಸಣ್ಣ ಮೀನಿನ ಹಾಗೆ ಹೊಳೆಯುತ್ತಿತ್ತು. ಸೀರೆಯ ಜಾಹೀರಾತಿನ ಕಾಲದಲ್ಲಿ ಇವೆಲ್ಲ ನಾನು ಅಳಿಸುತ್ತಿದ್ದ ವಸ್ತುಗಳು. ಅವತ್ತು ಕ್ಯಾಮೆರಾ ಅವುಗಳ ಮೇಲೆಯೇ ನಿಂತಿತು; ಬೇರೆ ಕಡೆ ಹೋಗಲು ನನಗೆ ಮನಸ್ಸೇ ಬರಲಿಲ್ಲ.

ಕಾಫಿಯ ಹೊತ್ತಿಗೆ ಮಿಸ್ ಎದ್ದು ಬಂದು ಕಲಿಯುವವಳೊಬ್ಬಳ ಲ್ಯಾಪ್‌ಟಾಪಿನಲ್ಲಿ ಇಣುಕಿದರು. ಅವಳು ಅಭ್ಯಾಸ ಬಲದಿಂದ ನಡುವಿನ ಮಡಿಕೆಗಳನ್ನು ಒಂದೊಂದಾಗಿ ನಯಗೊಳಿಸುತ್ತಿದ್ದಳು. ಮಿಸ್ ಸ್ವಲ್ಪ ಹೊತ್ತು ನೋಡಿದರು.

"ಏನಮ್ಮಾ, ಇಸ್ತ್ರಿ ಹಾಕ್ತಾ ಇದೀಯಾ?"

ಅವಳು ಕೈ ತೆಗೆದಳು. ಇದನ್ನು ಮಾಡಿಕೊಳ್ಳಲು ತಮಗೆ ಅರುವತ್ತು ವರ್ಷದ ಮುದ್ದೆ, ಸಾರು, ಭಾನುವಾರದ ಕೋಳಿ ಬೇಕಾಯಿತು, ನೀನು ಒಂದು ಬೆರಳಲ್ಲಿ ಒರೆಸಿಹಾಕಬೇಡ ಎಂದು ಮಿಸ್ ಕೇಳಿಕೊಂಡರು. ಆಮೇಲೆ ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಸಡಿಲ ಬಿಡುವುದನ್ನು ಹೇಳಿಕೊಟ್ಟರು. ನಾವು ಯಾರೂ ಬಿಡಲಾರದೆ ಹೋದೆವು. ಚಿಕ್ಕಂದಿನಿಂದ ಎಳೆದುಕೊಂಡೇ ಬಂದಿದ್ದ ಹೊಟ್ಟೆಗಳು ಅವು. "ಉಸಿರು ಬಿಡಿ, ಫೋಟೋ ಆಮೇಲೆ" ಎನ್ನುವುದು ಅವತ್ತಿನಿಂದ ನಮ್ಮ ತರಗತಿಯ ಮೊದಲ ಪಾಠವಾಯಿತು. ವಿಮಾನಪುರದ ಹುಡುಗಿ ಮತ್ತೆ ಬರಲಾರಳು ಎಂದುಕೊಂಡಿದ್ದೆ. ಬಂದಳು, ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದಳು, ಕೂರುವ ಮೊದಲು ತಿಂದಳು, ಮಿಸ್ಸಿಗೂ ಕೊಟ್ಟಳು.

ಫೋಟೋ ಎಂದರೆ ಮಿಸ್ಸಿಗೆ ಏಕೆ ಇಷ್ಟು ಕುತೂಹಲ ಎಂದು ಒಮ್ಮೆ ಕೇಳಿದ್ದೆ. ಅವರ ಮನೆಯ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅವರು ಹೇಳಿದ ಕಥೆ ಇದು.

ಅವರ ಹುಟ್ಟೂರು ದೊಡ್ಡನೆಕ್ಕುಂದಿಯಲ್ಲಿ ಕಾರ್ಖಾನೆಗಳು ಇನ್ನೂ ಪೂರ್ತಿ ಬಂದಿರದ, ರಾಗಿ ಹೊಲಗಳೇ ಹೆಚ್ಚಿದ್ದ ಕಾಲ. ಇವರಿಗೆ ಗಂಡು ಹುಡುಕಲು ಅಪ್ಪ ಫೋಟೋ ತೆಗೆಸಬೇಕೆಂದು ಶಿವಾಜಿನಗರದ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದರು. ಸ್ಟುಡಿಯೋದವನು ಒಳ್ಳೆಯ ಮನುಷ್ಯ. ಹುಡುಗಿಯನ್ನು ನೋಡಿ ಮರುಗಿ ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಮೊದಲು ಪೌಡರು, ಮೇಲೆ ಎರಡು ದೀಪ, ಆಮೇಲೆ ತೆಗೆದ ಫೋಟೋದ ಮೇಲೆ ಪೆನ್ಸಿಲು, ಕುಂಚ. ಮುಖ ಬೆಳ್ಳಗಾಯಿತು, ದವಡೆ ಸಣ್ಣಗಾಯಿತು, ಕತ್ತು ಎಲ್ಲಿಂದಲೋ ಉದ್ದವಾಗಿ ಬಂತು. ಹೊಸಕೋಟೆ ಕಡೆಯ ಗಂಡಿನವರು ಆ ಫೋಟೋ ನೋಡಿ ಮೆಚ್ಚಿ ಹೆಣ್ಣು ನೋಡಲು ಬಂದರು. ಇವರು ಕಾಫಿ ತಂದಿಟ್ಟರು. ಗಂಡಿನ ತಾಯಿ ಕಾಫಿ ಕುಡಿದು, ಸುತ್ತ ನೋಡಿ, ಹುಡುಗಿಯನ್ನು ಕರೆಯಿರಿ ಎಂದಳಂತೆ.

"ಫೋಟೋಗೆ ಒಪ್ಪಿಗೆ ಆಯ್ತು ಕಣೇ," ಎಂದರು ಮಿಸ್, "ನನಗೆ ಆಗ್ಲಿಲ್ಲ."

ಹೇಳಿ ಭುಜ ಅಲ್ಲಾಡಿಸಿದರು. ನಗು ತಡವಾಗಿ ಬಂತು. ನಾನೂ ನಕ್ಕೆ.  ಆಮೇಲೆ ಅವರು ಮೆಲ್ಲಗೆ ಹೇಳಿದ್ದು: ಅವತ್ತು ಆ ಹೆಂಗಸಿನ ಮೇಲೆ ಸಿಟ್ಟು ಬರಲಿಲ್ಲ, ಫೋಟೋದಲ್ಲಿದ್ದ ಹುಡುಗಿಯ ಮೇಲೆ ಬಂತು. ಅವಳು ಯಾರೋ ನನಗೆ ಗೊತ್ತಿಲ್ಲ, ಆದರೆ ನನ್ನ ಸೀರೆ ಉಟ್ಟಿದ್ದಳು ಎಂದರು. ಆಮೇಲೆ ಬಂದ ಗಂಡುಗಳನ್ನು ಅವರೇ ಬೇಡವೆಂದರು. ಶಾಲೆಯಲ್ಲಿ ಗುಂಡು ಎಸೆಯುತ್ತಿದ್ದ ತೋಳು ವ್ಯಾಯಾಮ ಶಿಕ್ಷಕರ ತರಬೇತಿಗೆ ದಾರಿ ಮಾಡಿತು. ಆ ತೋಳಿಗೇ ಕೊನೆಗೆ ಸಂಬಳ ಬಂತು ಎಂದು ತೋಳನ್ನು ತಟ್ಟಿ ತೋರಿಸಿದರು.

ಅವರ ಜೊತೆ ಶಿವಾಜಿನಗರದ ಮಾರುಕಟ್ಟೆಗೆ ಹೋಗುವುದು ಒಂದು ಮೆರವಣಿಗೆ. ನಾಲ್ಕು ಹೆಜ್ಜೆಗೆ ಒಬ್ಬ ಹಳೆಯ ಶಿಷ್ಯ. ತೂಕದ ಬಟ್ಟು ಕೈಯಲ್ಲೇ ಹಿಡಿದು ಎದ್ದು ನಿಲ್ಲುವ ಈರುಳ್ಳಿಯವನು, ಆಟೋದಿಂದ ಇಳಿದು ಸಲಾಂ ಹೇಳುವವನು, ಬುರ್ಖಾದ ಮುಸುಕು ಎತ್ತಿ "ಮಿಸ್, ಪಹಚಾನೆ ಕ್ಯಾ?" ಎಂದು ಗುರುತು ಹಿಡಿಯಲು ಕೇಳುವ ಅಜ್ಜಿಯಾಗಿಹೋದ ಹುಡುಗಿ. ಮಿಸ್ ಯಾರನ್ನೂ ದಪ್ಪವಾಗಿದ್ದೀಯ, ಸಣ್ಣಗಾಗಿದ್ದೀಯ ಎಂದು ಕೇಳಿದ್ದನ್ನು ನಾನು ಕಾಣೆ. ನಮ್ಮ ಊರಿನಲ್ಲಿ ಯೋಗಕ್ಷೇಮದ ಮಾತು ಶುರುವಾಗುವುದೇ ಅಲ್ಲಿಂದ. ಮಿಸ್ ಕೇಳುತ್ತಿದ್ದದ್ದು ಮೆಟ್ಟಿಲು ಹತ್ತುತ್ತೀಯಾ, ರಾತ್ರಿ ನಿದ್ದೆ ಬರುತ್ತಾ ಎಂದು. ಒಬ್ಬ ಮೀನಿನ ವ್ಯಾಪಾರಿ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ. ಅವನ ಮುಖ ಕೆಂಪಾಗುವವರೆಗೂ ಬೇಕೆಂದೇ ಮಾತು ಬೆಳೆಸಿದ ಮಿಸ್, ಕೊನೆಗೆ "ವಿಶ್ರಾಮ್" ಎಂದರು. ಹೊಟ್ಟೆ ಹೊರಗೆ ಬಂತು. ಸುತ್ತಲಿನವರೆಲ್ಲ ನಕ್ಕರು, ಅವನೂ ನಕ್ಕ.

ಹೀಗೆ ಎರಡು ವರ್ಷ ಅವರು ನನಗೆ ಕೂತರು. ಕೊನೆಗೆ ಇಂದಿರಾನಗರದಲ್ಲಿ, ಹಳೆಯ ಮನೆಯೊಂದನ್ನು ಗ್ಯಾಲರಿ ಮಾಡಿದ್ದ ಕಡೆ, ನನ್ನ ಮೊದಲ ಪ್ರದರ್ಶನ ನಿಗದಿಯಾಯಿತು. ಕಂಟೋನ್ಮೆಂಟಿನ ವಯಸ್ಸಾದವರ ಕೈ, ಕಾಲು, ಕತ್ತು, ಬೆನ್ನುಗಳ ಚಿತ್ರಗಳು. ಒಳಗೆ ಬಂದ ಕೂಡಲೆ ಎದುರಾಗುವ ಗೋಡೆಗೆ ಮಿಸ್ಸಿನ ಬೆನ್ನು, ಆಳೆತ್ತರದ ಕಪ್ಪುಬಿಳುಪು ಚಿತ್ರ. ಹಾಕುವ ಮೊದಲು ಅವರಿಗೆ ತೋರಿಸಿ ಕೇಳಿದ್ದೆ. ಅವರು ದೂರ ನಿಂತು, ಹತ್ತಿರ ಬಂದು, ಮತ್ತೆ ದೂರ ಹೋಗಿ ನೋಡಿದರು. ತಮ್ಮ ಬೆನ್ನನ್ನು ತಾವು ಇಷ್ಟು ದೊಡ್ಡದಾಗಿ ನೋಡಿದ್ದು ಇದೇ ಮೊದಲು ಎಂದರು. ಚೆನ್ನಾಗಿದೆ ಎನ್ನಲಿಲ್ಲ. ಹಾಕು ಎಂದರು.

ಪ್ರದರ್ಶನ ಶುರುವಾಗಿ ಎರಡನೆಯ ದಿನಕ್ಕೇ ಬಂದವರೊಬ್ಬರು ಆ ಚಿತ್ರವನ್ನು ಫೋನಿನಲ್ಲಿ ಹರಿಬಿಟ್ಟಿದ್ದರು. ಅದು ಸುತ್ತಾಡಿ ಸುತ್ತಾಡಿ ದೊಡ್ಡನೆಕ್ಕುಂದಿಯ ಅವರ ಮನೆತನದ ವಾಟ್ಸಾಪ್ ಗುಂಪಿಗೂ ಬಂದು ಬಿತ್ತು. ಮುಖವಿಲ್ಲ, ಹೆಸರಿಲ್ಲ; ಯಾರಿಗೂ ತಿಳಿಯಬಾರದಿತ್ತು. ಆದರೆ ಅವರ ತಮ್ಮನಿಗೆ ತಿಳಿಯಿತು. ಭುಜದ ಕೆಳಗಿನ ಆ ಮೀನಿನಂಥ ಗುರುತು ಮಾಡಿದವನೇ ಅವನು. ಚಿಕ್ಕವನಿದ್ದಾಗ ರಾಗಿ ಕೊಯ್ಲಿನಲ್ಲಿ ಕುಡುಗೋಲು ಬೀಸಿ ಆಡುತ್ತಾ ಅಕ್ಕನಿಗೆ ತಗುಲಿಸಿದ್ದ. ಹೆಂಡತಿಯೂ ಸೊಸೆಯೂ ಯಾರಿದು ಯಾರಿದು ಎಂದು ನಗುತ್ತಿದ್ದಾಗ ಅವನೊಬ್ಬ ಎದ್ದು ಹೊರಗೆ ಹೋದನಂತೆ.

ಹೊಲಗಳಿದ್ದ ಜಾಗದಲ್ಲಿ ಈಗ ಅವನ ಮೂರು ಬಾಡಿಗೆ ಕಟ್ಟಡಗಳಿವೆ. ಊರಿನಲ್ಲಿ ನಾಲ್ಕು ಜನ ಗೌರವದಿಂದ ಕಾಣುವ ಮನುಷ್ಯ. ಅಕ್ಕನಿಗೆ ಫೋನು ಮಾಡಿ ಬೈದ, ಆಮೇಲೆ ನನಗೂ ಮಾಡಿದ. ವಯಸ್ಸಾದ ಹೆಂಗಸಿನ ತಲೆ ಕೆಡಿಸಿ ಊರ ಮುಂದೆ ಬೆತ್ತಲೆ ಕೂರಿಸಿದ್ದೀರಿ, ಸಂಜೆಯೊಳಗೆ ಇಳಿಸದಿದ್ದರೆ ನಾನೇ ಬಂದು ಇಳಿಸುತ್ತೇನೆ ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು.

ನಾನು ಮಿಸ್ಸಿನ ಮನೆಗೆ ಓಡಿದೆ. ಅವರು ರೊಟ್ಟಿ ತಟ್ಟುತ್ತಿದ್ದರು. ಚಿತ್ರ ಇಳಿಸಿಬಿಡುತ್ತೇನೆ, ನನಗೇನೂ ನಷ್ಟವಿಲ್ಲ, ನಿಮಗೂ ನಿಮ್ಮ ತಮ್ಮನಿಗೂ ನಡುವೆ ಕೆಡುವುದು ಬೇಡ ಎಂದೆ. ಅವರು ಹೆಂಚಿನ ಮೇಲಿನ ರೊಟ್ಟಿ ತಿರುವಿದರು.  ಅವರಿಗೆ ಉಳಿದಿದ್ದ ಒಡಹುಟ್ಟು ಅವನೊಬ್ಬನೇ. ಹಬ್ಬಕ್ಕೆ ಕರೆಯುವ ಮನೆ ಅದೊಂದೇ.

"ಇಳಿಸ್ಬೇಡ," ಎಂದರು. "ಅವನು ಫೋನಲ್ಲಿ ನೋಡಿದಾನೆ, ಬೆರಳಷ್ಟು ಉದ್ದ. ಆ ಅಳತೆಗೆ ಎಲ್ಲಾನೂ ಅಸಹ್ಯವೇ. ಬಂದು ನಿಂತು ನೋಡ್ಲಿ. ಆಮೇಲೂ ಇಳಿಸು ಅಂದ್ರೆ ನಾನೇ ಇಳಿಸ್ತೀನಿ."

ಮಧ್ಯಾಹ್ನ ಅವನನ್ನು ಅವರೇ ಕರೆದುಕೊಂಡು ಬಂದರು. ಬಿಳಿ ಅಂಗಿ, ಬಿಳಿ ಪಂಚೆಯ ಗಟ್ಟಿಮುಟ್ಟು ಮನುಷ್ಯ; ಹಿಂದೆ ಹೆಂಡತಿ. ಗ್ಯಾಲರಿಯಲ್ಲಿ ನಾಲ್ಕೈದು ಜನ ಕೈಕಟ್ಟಿ ಚಿತ್ರ ನೋಡುತ್ತಾ, ತಲೆ ವಾರೆ ಮಾಡಿ ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದರು. ಮಿಸ್ ಯಾರನ್ನೂ ನೋಡದೆ, ಶಾಲೆಯ ಮೈದಾನಕ್ಕೆ ಬಂದವರ ಹಾಗೆ ನಡೆದು ಬಂದು ಚಿತ್ರದ ಪಕ್ಕದಲ್ಲಿ ನಿಂತರು. ತಮ್ಮನು ತಲೆ ತಗ್ಗಿಸಿಕೊಂಡೇ ಬಂದ. ತಗ್ಗಿಸಿಕೊಂಡೇ ಸ್ವಲ್ಪ ಹೊತ್ತು ನಿಂತ. ಆಮೇಲೆ ನೋಡಲೇಬೇಕಲ್ಲ, ತಲೆ ಎತ್ತಿದ.

ಅವನು ಕೂಗುತ್ತಾನೆಂದು ನಾನು ಬಾಗಿಲ ಬಳಿ ಸಿದ್ಧವಾಗಿ ನಿಂತಿದ್ದೆ. ಅವನು ಕೂಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಹೆಜ್ಜೆ. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅವ್ವ ಕಣಕ್ಕ," ಎಂದ. "ರಾಗಿ ಹೊಲದಾಗೆ ಕಳೆ ಕೀಳ್ತಾ ಕುಂತವ್ಳೆ."

ಮಿಸ್ ತಿರುಗಿ ತಾವೂ ನೋಡಿದರು. ಇಷ್ಟು ದಿನ ಅವರಿಗೆ ಇದು ಹೊಳೆದಿರಲಿಲ್ಲ. ನನಗಂತೂ ಆ ತಾಯಿ ಯಾರೆಂದೇ ಗೊತ್ತಿರಲಿಲ್ಲ. ತಮ್ಮ ಮೆಲ್ಲಗೆ ನನಗೆ ವಿವರಿಸಿದ. ಅವ್ವ ಸತ್ತಾಗ ಅವನಿಗೆ ಆರೇಳು ವರ್ಷ. ಅವಳ ಮುಖ ಅವನಿಗೆ ಮರೆತೇ ಹೋಗಿದೆ. ನೆನಪಿರುವುದು ಬೆನ್ನು ಮಾತ್ರ, ಯಾಕೆಂದರೆ ಹೊಲದಲ್ಲಿ ಅವಳು ಮುಂದೆ ಮುಂದೆ ಕಳೆ ಕೀಳುತ್ತಾ ಹೋಗುತ್ತಿದ್ದಳು, ಇವನು ಹಿಂದೆ ಹಿಂದೆ. ರವಿಕೆ ತೊಡದ ಕಾಲದ ಹೆಂಗಸು. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇಲ್ಲ. ಕಪ್ಪು ಹೆಂಗಸು, ಫೋಟೋ ಯಾಕೆ ಎಂದು ಯಾರೂ ತೆಗೆಸಿರಲೇ ಇಲ್ಲ.

ಅವನ ಹೆಂಡತಿ ಅಷ್ಟು ಸುಲಭಕ್ಕೆ ಮಣಿಯುವವಳಲ್ಲ. ಅತ್ತೆಯವರನ್ನು ನಾನು ಕಂಡಿಲ್ಲ, ಆದರೆ ಅತ್ತೆಯಾದರೂ ಸೆರಗು ಹೊದೆಯಬಹುದಿತ್ತು ಎಂದಳು. ಮಿಸ್ಸಿನ ಭುಜ ಅಲ್ಲಾಡತೊಡಗಿತು. ತಮ್ಮನೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟ. ಪಿಸುಗುಡುತ್ತಿದ್ದವರು ಪಿಸುಗುಡುವುದನ್ನು ಬಿಟ್ಟು ಇವರನ್ನೇ ನೋಡುತ್ತಿದ್ದರು. ಹೊರಡುವಾಗ ಅವನು ನನ್ನ ಹತ್ತಿರ ಬಂದು, ಪ್ರದರ್ಶನ ಮುಗಿದ ಮೇಲೆ ಇದನ್ನು ನಮಗೆ ಕೊಡಬಹುದೇ ಎಂದು ಕೇಳಿದ. ಅವನಿಗಲ್ಲದೆ ಇನ್ನಾರಿಗೆ ಕೊಡಲಿ?

ಚಿತ್ರ ಎಲ್ಲಿ ಹಾಕುವುದು ಎಂಬುದರ ಮೇಲೆ ದೊಡ್ಡನೆಕ್ಕುಂದಿಯ ಆ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತಂತೆ. ಹಾಲ್‌ನಲ್ಲಿ ಬೇಡ, ಬಾಡಿಗೆಯ ಹುಡುಗರು ಬರುತ್ತಾರೆ ಎಂದು ಹೆಂಡತಿ. ಮಲಗುವ ಕೋಣೆಯಲ್ಲಿ ಬೇಡ, ನಿದ್ದೆ ಬರುವುದಿಲ್ಲ ಎಂದು ತಮ್ಮ. ಕೊನೆಗೆ ಒಳಮನೆಯಲ್ಲಿ, ಹಿರಿಯರ ಫೋಟೋಗಳ ಸಾಲಿಗೆ ಏರಿತು. ಆ ವರ್ಷದ ಪಿತೃಪಕ್ಷಕ್ಕೆ ಅಪ್ಪನ ಫೋಟೋದ ಪಕ್ಕ ಅದಕ್ಕೂ ಹೂ ಹಾಕಿ, ಅದರ ಮುಂದೆ ಹೊಸ ಸೀರೆ, ಬಾಳೆಎಲೆ, ಕಡುಬು, ಕೋಳಿಸಾರು ಎಲ್ಲ ಇಟ್ಟರು. ಇಟ್ಟಾದ ಮೇಲೆ ಹೆಂಡತಿಗೆ ಹೊಳೆಯಿತು: ಇದು ಬದುಕಿರುವ ಅತ್ತಿಗೆಯ ಬೆನ್ನು, ಹೀಗೆ ಎಡೆ ಇಡುವುದು ಅಪಶಕುನವಲ್ಲವೇ? ಅವಳು ಗಾಬರಿಯಾಗಿ ಬಾಗಿಲಿಗೆ ಬರುವಷ್ಟರಲ್ಲಿ ಊಟಕ್ಕೆ ಕರೆಸಿಕೊಂಡಿದ್ದ ಮಿಸ್ ಒಳಗೆ ಬಂದಾಗಿತ್ತು. ಅವರು ಎಡೆಯನ್ನು ನೋಡಿ, ಬೆನ್ನನ್ನು ನೋಡಿ, ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬದುಕಿರುವಾಗಲೇ ತನ್ನ ಎಡೆಯ ರುಚಿ ನೋಡುವ ಭಾಗ್ಯ ಯಾರಿಗಿದೆ, ಕೋಳಿಗೆ ಉಪ್ಪು ಸ್ವಲ್ಪ ಮುಂದಾಗಿದೆ, ಮುಂದೆ ನಾನು ನಿಜವಾಗಿ ಸತ್ತಾಗ ನೋಡಿ ಹಾಕಿ ಎಂದರಂತೆ. ಈ ಕಥೆಯನ್ನು ತಮ್ಮನ ಹೆಂಡತಿಯೇ ನನಗೆ ನಕ್ಕು ನಕ್ಕು ಹೇಳಿದಳು.

ಅದಾದ ಮೂರನೆಯ ವರ್ಷ ಮಿಸ್ ಸಣ್ಣಗಾಗತೊಡಗಿದರು. ಮೊದಲು ಮುಖ, ಆಮೇಲೆ ತೋಳು. ರವಿಕೆಗಳು ಜೋತುಬಿದ್ದವು. ಓಣಿಯ ಜನಕ್ಕೆ ಭಾರಿ ಸಂತೋಷ. ಸೊಪ್ಪಿನವಳು, ಔಷಧಿ ಅಂಗಡಿಯವನು, ಪಾರ್ಕಿನಲ್ಲಿ ನಡೆಯುವ ಹೆಂಗಸರು, ಎಲ್ಲರೂ ತಡೆದು ನಿಲ್ಲಿಸಿ ಮೆಚ್ಚಿದವರೇ. ಏನು ಡಯೆಟ್ ಮಾಡ್ತಿದೀರ ಮಿಸ್, ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ, ನಮಗೂ ಹೇಳಿಕೊಡಿ. ಮಿಸ್ ಎಲ್ಲರಿಗೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಹೊಟ್ಟೆಯಲ್ಲಿ ಗಡ್ಡೆ ಎಂದು ವೈದ್ಯರು ಹೇಳಿದ್ದು ಅವರಿಗೆ, ತಮ್ಮನಿಗೆ, ನನಗೆ ಮಾತ್ರ ಗೊತ್ತಿತ್ತು.

"ಹುಟ್ಟಿದಾಗಿಂದ ಒಬ್ರೂ ನನ್ನ ಚೆನ್ನಾಗಿದೀಯ ಅಂದಿರಲಿಲ್ಲ," ಎಂದರು ಒಂದು ದಿನ. "ಈಗ ಸಾಯಕ್ಕೆ ಹೊರಟಿದೀನಿ, ಬೀದಿ ಬೀದೀಲಿ ಹೊಗಳ್ತಾರೆ ನೋಡು."

ಭುಜ ಅಲ್ಲಾಡಿತು. ನಾನು ನಗಲು ಪ್ರಯತ್ನಿಸಿದೆ, ಆಗಲಿಲ್ಲ. ನಾನು ನಗದಿದ್ದದ್ದಕ್ಕೆ ಅವರಿಗೆ ಬೇಸರವಾಯಿತು ಎಂದು ಕಾಣುತ್ತದೆ. ಭಾನುವಾರ ಬರುತ್ತೇನೆ, ಕಿಟಕಿ ಒರೆಸಿ ಇಟ್ಟಿರು ಎಂದರು.

ಮೂರು ಮಹಡಿ ಹತ್ತಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಹತ್ತಿಸಿಕೊಂಡು ಬಂದವನು ತಮ್ಮ. ಅವನು ಹೊರಗೆ ಮೆಟ್ಟಿಲ ಮೇಲೆ ಕೂತ. ತರಗತಿಯವರನ್ನು ಅವತ್ತು ನಾನು ಕರೆದಿರಲಿಲ್ಲ. ಮಿಸ್ ಎಂದಿನಂತೆ ಸೀರೆ ಸುತ್ತಿಕೊಂಡು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತರು. ಮಡಿಕೆಗಳೆಲ್ಲ ಹೋಗಿ ಚರ್ಮ ಖಾಲಿ ಚೀಲದ ಹಾಗೆ ಇಳಿದಿತ್ತು. ಬೆನ್ನುಮೂಳೆಯ ಒಂದೊಂದು ಮಣಿಯೂ ಕಾಣುತ್ತಿತ್ತು. ನಾನು ಕಿಟಕಿಗೆ ತೆಳುವಾದ ಬಿಳಿ ಬಟ್ಟೆ ಎಳೆದೆ. ಆಗ ಬೆಳಕು ಮೆತ್ತಗೆ ಹರಡಿ ನೆರಳುಗಳು ಅಳಿಸಿಹೋಗುತ್ತವೆ, ಮೂಳೆ ಅಷ್ಟಾಗಿ ಕಾಣುವುದಿಲ್ಲ. ಕ್ಯಾಮೆರಾ ಎತ್ತುವಷ್ಟರಲ್ಲಿ ಮಿಸ್ ಗೋಡೆಯನ್ನು ನೋಡುತ್ತಲೇ ಮಾತಾಡಿದರು. ಬೆಳಕು ಬದಲಾದದ್ದು ಅವರಿಗೆ ಗೋಡೆಯ ಮೇಲೆ ಕಂಡಿತ್ತು.

"ಬಟ್ಟೆ ತೆಗಿ," ಎಂದರು. "ದಪ್ಪ ಇದ್ದಾಗ ಹೆಂಗೆ ನೋಡಿದ್ಯೋ ಹಂಗೇ ನೋಡು."

ತೆಗೆದೆ. ಬಿಸಿಲು ಪಕ್ಕದಿಂದ ನೇರವಾಗಿ ಬಿದ್ದು ಎಲ್ಲವೂ ಎದ್ದು ಕಂಡಿತು. ಇನ್ನೊಂದು ಬದಿ ಪೂರ್ತಿ ಕತ್ತಲಾಯಿತು. ಆ ಕಡೆಗೆ ಸ್ವಲ್ಪ ಬೆಳಕು ತಿರುಗಿಸಲು ಬಿಳಿ ಥರ್ಮಾಕೋಲಿನ ಹಾಳೆಯೊಂದನ್ನು ಯಾರಾದರೂ ಹಿಡಿದು ನಿಲ್ಲಬೇಕಿತ್ತು. ನನ್ನ ಎರಡು ಕೈಯೂ ಕ್ಯಾಮೆರಾದಲ್ಲಿದ್ದವು. ಹೊರಗೆ ಕೂತಿದ್ದಾನಲ್ಲ, ಕರಿ ಎಂದರು ಮಿಸ್. ಅವನು ಬರುತ್ತಾನೋ ಇಲ್ಲವೋ ಎಂದುಕೊಂಡೇ ಕರೆದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ, ಅಕ್ಕನ ಬೆನ್ನು ನೋಡಿದ, ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ನಾನು ತೋರಿಸಿದ ಜಾಗದಲ್ಲಿ ನಿಂತ. ಕೈ ಮೇಲೆ, ಇನ್ನೂ ಮೇಲೆ, ನಿಲ್ಲು ಎಂದು ಮಿಸ್ ಶಾಲೆಯ ಗಂಟಲಿನಲ್ಲಿ ಆಜ್ಞೆ ಕೊಟ್ಟರು. ಮೂರು ಕಟ್ಟಡಗಳ ಒಡೆಯ ಆಜ್ಞೆ ಪಾಲಿಸಿದ.

ನಾನು ಕಣ್ಣು ಕ್ಯಾಮೆರಾಕ್ಕೆ ಇಟ್ಟೆ. ಬೆನ್ನಿನ ಕತ್ತಲ ಬದಿಗೆ ಬೆಳಕು ಮೆಲ್ಲಗೆ ಬಂದು ಕೂತಿತು. ಹಳೆಯ ಗಾಯದ ಗುರುತು, ಪಕ್ಕೆಲುಬು, ಕತ್ತಿನ ಕುಳಿ ಎಲ್ಲವೂ ಒಂದೊಂದಾಗಿ ಸ್ಪಷ್ಟವಾದವು. ಆಮೇಲೆ ಆ ಬೆಳಕು ನಡುಗತೊಡಗಿತು. ಬೆನ್ನ ಮೇಲೂ ನಡುಗಿತು, ಎದುರಿನ ಗೋಡೆಯ ಮೇಲೂ ನಡುಗಿತು. ನಾನು ತಿರುಗಿ ನೋಡಲಿಲ್ಲ. ಮಿಸ್ ಕೂಡ ತಿರುಗಲಿಲ್ಲ. ಅವರು ಗೋಡೆ ನೋಡುತ್ತಿದ್ದರು.

"ಅಳೋದಾದ್ರೆ ಅಳು ಕಣೋ," ಎಂದರು. "ಕೈ ಮಾತ್ರ ಅಲ್ಲಾಡಿಸ್ಬೇಡ."

ಅವನು ಮೂಗು ಎಳೆದುಕೊಂಡು, ಕಾಲು ಅಗಲಿಸಿ ಊರಿ ನಿಂತ. ಬೆಳಕು ನಿಂತಿತು. ನಾನು ಉಸಿರು ಬಿಟ್ಟು, ಫೋಟೋ ತೆಗೆದೆ.